ಕೆನೆ ಒಡೆಯದಂತೆ, ಖಾರ ಅಡಗದಂತೆ ಸಾಸೇಜ್ ಪಾಸ್ತಾ ಮಾಡುವುದು ಹೇಗೆ?

ಪ್ರಶ್ನೆ: ನಾವು ಕಲಬುರಗಿಯವರು. ಪುಣೆಯಲ್ಲಿ ಓದುತ್ತಿರುವ ಮಗಳು ರಜೆಗೆ ಬಂದಾಗ ಕೆನೆ ಹಾಕಿದ ಖಾರದ ಸಾಸೇಜ್ ಪಾಸ್ತಾ ಬೇಕೆಂದಳು. ಅಂಗಡಿಯಿಂದ ಚಿಕನ್ ಸಾಸೇಜ್ ಮತ್ತು ಪೆನ್ನೆ ಎಂಬ ಕೊಳವೆಯಾಕಾರದ ಪಾಸ್ತಾ ತಂದೆ. ಕೆನೆಯನ್ನು ಮಾತ್ರ ಐದು ದಿನ ಹಾಲಿನ ಮೇಲಿಂದ ತೆಗೆದು ಫ್ರಿಜ್‌ನಲ್ಲಿ ಕೂಡಿಟ್ಟೆ. ಟೊಮೆಟೊ ಮಸಾಲೆಗೆ ಅದನ್ನು ಹಾಕಿ ಕುದಿಸಿದಾಗ ಒಡೆದು ಹರಳು ಹರಳಾಯಿತು, ಮೇಲೆ ತುಪ್ಪ ತೇಲಿತು. ಕುದಿಸಿದ ಸಾಸೇಜ್ ರಬ್ಬರಿನಂತಾಯಿತು. ಮೊದಲೇ ಬೇಯಿಸಿ ತಣ್ಣೀರಿನಲ್ಲಿ ತೊಳೆದಿಟ್ಟಿದ್ದ ಪೆನ್ನೆ ಮುದ್ದೆಯಾಯಿತು. ಎರಡು ಚಮಚ ಖಾರಪುಡಿ ಹಾಕಿದ್ದರೂ ಅತ್ತೆಯವರು ‘ಸಪ್ಪಗದ’ ಎಂದರು. ಐದು ಜನರಿಗೆ ಸರಿಯಾಗಿ ಮಾಡುವ ಕ್ರಮವನ್ನು ತಿಳಿಸಿ. ಹಂದಿ ಮಾಂಸ ನಮ್ಮಲ್ಲಿ ನಡೆಯುವುದಿಲ್ಲ.

ಉತ್ತರ: ನೀವು ಹೇಳಿರುವ ನಾಲ್ಕು ತೊಂದರೆಗಳಿಗೂ ಮೂಲ ಒಂದೇ. ನಮ್ಮ ಅಡುಗೆಯಲ್ಲಿ ಬಹುಪಾಲು ಪದಾರ್ಥಗಳು ಒಟ್ಟಿಗೆ ಕುದಿದಷ್ಟೂ ರುಚಿ ಕೂಡುತ್ತದೆ. ಬೇಳೆ ಸಾರಾಗಲಿ, ಎಣ್ಣೆಗಾಯಿಯಾಗಲಿ, ಇನ್ನೊಂದು ಕುದಿ ಬಂದರೆ ಕೆಡುವುದಿಲ್ಲ. ಈ ಪಾಸ್ತಾದಲ್ಲಿ ಹಾಗಲ್ಲ. ಇಲ್ಲಿ ಒಂದೊಂದು ಪದಾರ್ಥಕ್ಕೂ ಅದರದೇ ಉರಿ, ಅದರದೇ ಹೊತ್ತು ಇದೆ, ಮತ್ತು ಕೆನೆ ಕಡಾಯಿಗೆ ಇಳಿಯುವ ಹೊತ್ತಿಗೆ ಅಡುಗೆ ಹೆಚ್ಚುಕಡಿಮೆ ಮುಗಿದಿರಬೇಕು. ನಿಮ್ಮ ಸಾಮಾನುಗಳಲ್ಲಿ ಕೆನೆಯೊಂದನ್ನು ಬಿಟ್ಟರೆ ಯಾವುದರಲ್ಲೂ ದೋಷವಿರಲಿಲ್ಲ; ದೋಷವಿದ್ದದ್ದು ಕ್ರಮದಲ್ಲಿ.

ಕೆನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದೇ ತಪ್ಪನ್ನು ನಾನೂ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಬೀದರಿನಲ್ಲಿ ಬೀಗರನ್ನು ಊಟಕ್ಕೆ ಕರೆದಿದ್ದ ದಿನ, ವಾರವಿಡೀ ಕೂಡಿಟ್ಟಿದ್ದ ಎಮ್ಮೆ ಹಾಲಿನ ಕೆನೆಯನ್ನು ಕೊತಕೊತ ಕುದಿಯುತ್ತಿದ್ದ ಟೊಮೆಟೊ ಮಸಾಲೆಗೆ ಸುರಿದು, ಕಣ್ಣೆದುರೇ ಅದು ಪನೀರಿನ ಪುಡಿಯಾಗುವುದನ್ನು ನೋಡಿದೆ. ಬೀಗರು ಅದನ್ನು ಹೊಸ ನಮೂನೆಯ ಪಲ್ಯವೆಂದೇ ತಿಳಿದು ತಿಂದರು, ನಾನೂ ತಿದ್ದಲಿಲ್ಲ.

ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್, ಹಾಲು ತಾಜಾ ಇದ್ದಾಗ, ಅಂದರೆ ಹುಳಿಯನ್ನು ಅಳೆಯುವ ಪಿಎಚ್ ಸುಮಾರು 6.6 ಇದ್ದಾಗ, ಹರಡಿಕೊಂಡೇ ಇರುತ್ತದೆ. ಹುಳಿ ಹೆಚ್ಚಿ ಪಿಎಚ್ 4.6ರ ಹತ್ತಿರಕ್ಕೆ ಇಳಿದರೆ ಅದು ಗಟ್ಟಿಯಾಗಿ ಬೇರೆಯಾಗುತ್ತದೆ, ಮೊಸರಾಗುವುದೂ ಹೀಗೆಯೇ. ಉರಿ ಜೋರಾಗಿದ್ದರೆ ಅಷ್ಟು ಹುಳಿಯೂ ಬೇಕಿಲ್ಲ, ಅದಕ್ಕಿಂತ ಕಡಿಮೆ ಹುಳಿಯಲ್ಲೇ ಒಡೆಯುತ್ತದೆ. ಟೊಮೆಟೊ ಸ್ವತಃ ಹುಳಿ. ಐದು ದಿನ ಫ್ರಿಜ್‌ನಲ್ಲಿದ್ದ ಕೆನೆಯೂ ಮೂಗಿಗೆ ಗೊತ್ತಾಗದಷ್ಟು ಹುಳಿಗೆ ತಿರುಗಿರುತ್ತದೆ. ಇವೆರಡು ಹುಳಿಗಳ ಜೊತೆಗೆ ನೀವು ಜೋರು ಉರಿಯನ್ನೂ ಸೇರಿಸಿದಿರಿ. ಮೇಲೆ ತುಪ್ಪ ತೇಲಿದ್ದಕ್ಕೆ ಕಾರಣ ಬೇರೆ. ಮನೆಯ ಕೆನೆಯಲ್ಲಿ ಕೊಬ್ಬಿನ ಕಣಗಳು ದೊಡ್ಡದಾಗಿರುತ್ತವೆ, ಕಾದ ಕೂಡಲೇ ಒಂದಕ್ಕೊಂದು ಸೇರಿ ಮೇಲೇಳುತ್ತವೆ. ಕೆನೆ ಕಾಯಿಸಿ ತುಪ್ಪ ತೆಗೆಯುವಾಗ ನಾವು ಬಯಸುವುದು ಇದನ್ನೇ. ಪೊಟ್ಟಣದ ಕೆನೆಯಲ್ಲಿ ಆ ಕಣಗಳನ್ನು ಯಂತ್ರದಲ್ಲಿ ಒಡೆದು ಸಣ್ಣದು ಮಾಡಿರುತ್ತಾರೆ, ಒಡೆಯದಂತೆ ಹಿಡಿದಿಡುವ ಪದಾರ್ಥವನ್ನೂ ಸೇರಿಸಿರುತ್ತಾರೆ. ಆದ್ದರಿಂದ ಈ ಅಡುಗೆಗೆ ಶೇ 25 ಕೊಬ್ಬಿರುವ 200 ಮಿಲಿ ಲೀಟರಿನ ಒಂದು ಪೊಟ್ಟಣ ಫ್ರೆಶ್ ಕ್ರೀಮ್ ತರುವುದೇ ಒಳ್ಳೆಯದು. ಮನೆಯ ಕೆನೆಯೇ ಆಗಬೇಕೆಂದಿದ್ದರೆ ಅಂದಿನದು ಅಥವಾ ಹಿಂದಿನ ದಿನದ್ದು ಮಾತ್ರ ಇರಲಿ. ಅದಕ್ಕೆ ಒಂದು ಚಮಚ ಮೈದಾ ಮತ್ತು ನಾಲ್ಕು ಚಮಚ ತಣ್ಣನೆಯ ಹಾಲು ಸೇರಿಸಿ ಗಂಟಿಲ್ಲದಂತೆ ಕಡೆದುಕೊಳ್ಳಿ. ಮೈದಾದ ಪಿಷ್ಟವು ಪ್ರೋಟೀನ್ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುವುದನ್ನು ತಡೆಯುತ್ತದೆ.

ಕೆನೆಯೇ ಬೇಡವೆನ್ನುವವರು ಇಪ್ಪತ್ತು ಗೋಡಂಬಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ರುಬ್ಬಿ ಬಳಸಬಹುದು, ಅದು ಎಷ್ಟು ಕುದಿದರೂ ಒಡೆಯುವುದಿಲ್ಲ. ಆದರೆ ಗೋಡಂಬಿ ತುಟ್ಟಿಯೆಂದು ಶೇಂಗಾ ರುಬ್ಬಿ ಹಾಕಬೇಡಿ. ಹಾಕಿದರೆ ಪಾಸ್ತಾ ಹೋಗಿ ಬದನೆಕಾಯಿಯಿಲ್ಲದ ಎಣ್ಣೆಗಾಯಿ ಉಳಿಯುತ್ತದೆ.

ಇನ್ನು ಸಾಸೇಜ್. ಸಾಸೇಜ್ ಮತ್ತು ಕೆನೆ ಸೇರಿದ ಪಾಸ್ತಾಕ್ಕೆ ಇಟಲಿಯಲ್ಲಿ ‘ಅಲ್ಲಾ ನೋರ್ಚೀನಾ’ ಎಂಬ ಹೆಸರಿದೆ. ಉಂಬ್ರಿಯಾ ಪ್ರಾಂತದ ನೋರ್ಚಾ ಎಂಬ ಊರು ಹಂದಿ ಮಾಂಸದ ಕಸುಬಿಗೆ ಹೆಸರಾದದ್ದು. ಆ ಊರಿನಿಂದಲೇ ಈ ಹೆಸರು ಬಂದಿದೆ. ಅಲ್ಲಿ ಬಳಸುವುದು ಹಸಿ ಮಾಂಸದ ಸಾಸೇಜ್. ಅದರ ಹೊರಪೊರೆಯನ್ನು ಸೀಳಿ ಒಳಗಿನ ಖೀಮಾವನ್ನು ಉದುರಿಸಿ ಹುರಿಯುತ್ತಾರೆ, ಅದರ ಕೊಬ್ಬು ಕರಗಿ ಮಸಾಲೆಗೆ ತಳಪಾಯವಾಗುತ್ತದೆ. ಖಾರದ ಮಾತು ಬಂದರೆ ಅದು ದಕ್ಷಿಣ ತುದಿಯ ಕಲಾಬ್ರಿಯಾದ್ದು. ಹೆಸರಿನಲ್ಲೂ ಮೆಣಸಿನಕಾಯಿಯ ಹುಚ್ಚಿನಲ್ಲೂ ನಮ್ಮ ಕಲಬುರಗಿಗೆ ನೆಂಟಸ್ತಿಕೆ ಇದ್ದಂತೆ ತೋರುವ ಆ ಸೀಮೆಯಲ್ಲಿ, ರೊಟ್ಟಿಗೆ ಹಚ್ಚಿ ತಿನ್ನುವಷ್ಟು ಮೆತ್ತಗಿನ, ಕೆಂಪು ಖಾರದ ‘ಎನ್ದೂಯಾ’ ಎಂಬ ಸಾಸೇಜ್ ಇದೆ.

ನಮ್ಮ ಅಂಗಡಿಗಳ ಫ್ರೀಜರಿನಲ್ಲಿ ಸಿಗುವ ಚಿಕನ್ ಸಾಸೇಜ್ ಬೇರೆಯೇ ಜಾತಿಯದು. ಮಾಂಸವನ್ನು ಕೊಬ್ಬು ಮತ್ತು ಮಂಜುಗಡ್ಡೆಯ ಜೊತೆ ನುಣ್ಣಗೆ ಅರೆದು, ಪೊರೆಗೆ ತುಂಬಿ, ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಒಮ್ಮೆ ಬೇಯಿಸಿರುತ್ತಾರೆ. ಹೀಗೆ ಬೆಂದು ಬಂದದ್ದನ್ನು ನೀವು ಮತ್ತೆ ನೀರಿನಲ್ಲಿ ಕುದಿಸಿದಾಗ ಪ್ರೋಟೀನ್ ಇನ್ನಷ್ಟು ಬಿಗಿದು, ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕಿತು, ಉಳಿದದ್ದು ರಬ್ಬರು. ಈ ಸಾಸೇಜಿಗೆ ಬೇಕಾದದ್ದು ಕಾದ ಲೋಹದ ಮೇಲೆ ನಾಲ್ಕೈದು ನಿಮಿಷ ಮಾತ್ರ. ಪೊಟ್ಟಣದ ಹಿಂಬದಿಯನ್ನು ಓದಿಕೊಳ್ಳಿ. ಹಸಿಯದೆಂದು ಬರೆದಿದ್ದರೆ ಒಳಗಿನವರೆಗೂ ಬೇಯಲೇಬೇಕು.

ಒಟ್ಟು 300 ಗ್ರಾಂ ಸಾಸೇಜನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್‌ನ ಕೆಳಗಿನ ಅರೆಗೆ ಇಳಿಸಿ. ಕಟ್ಟೆಯ ಮೇಲಿಟ್ಟು ಕರಗಿಸುವ ರೂಢಿ ನಮ್ಮ ಊರಿಗೆ ಒಗ್ಗುವುದಿಲ್ಲ. ಮೇ ತಿಂಗಳಿನಲ್ಲಿ ಕಲಬುರಗಿಯ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ, ಹೊರಗಿನ ಬಿಸಿ 32 ಡಿಗ್ರಿ ದಾಟಿದಾಗ ಮಾಂಸದ ಪದಾರ್ಥವನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಕರೆಂಟು ದೀರ್ಘಕಾಲ ಹೋಗಿ ಪೂರ್ತಿ ಕರಗಿ ಮೆತ್ತಗಾದದ್ದನ್ನು ಮತ್ತೆ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳುವುದೂ ಬೇಡ. ಕರಗಿದ ಸಾಸೇಜಿನ ತೇವವನ್ನು ಒಣ ಬಟ್ಟೆಯಿಂದ ಒರೆಸಿ, ಬೆರಳ ದಪ್ಪಕ್ಕೆ ಓರೆಯಾಗಿ ಕತ್ತರಿಸಿ. ಅಗಲವಾದ ಕಡಾಯಿಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಬಿಲ್ಲೆಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಎರಡು ನಿಮಿಷ ಮುಟ್ಟದೆ ಬಿಡಿ. ಮೊದಲು ಚುರ್ ಎಂಬ ಸದ್ದು ಜೋರಾಗಿರುತ್ತದೆ, ಅದು ನೀರು ಆರುತ್ತಿರುವ ಸದ್ದು. ಸದ್ದು ತಗ್ಗಿ ಸಣ್ಣದಾಗುತ್ತಿದ್ದಂತೆ ಬಿಲ್ಲೆಯ ಅಂಚು ತುಸು ಮೇಲಕ್ಕೆ ಬಾಗುತ್ತದೆ, ಅಡಿಯಲ್ಲಿ ಬೆಲ್ಲದ ಬಣ್ಣದ ಉಂಗುರ ಕಾಣುತ್ತದೆ. ಆಗ ತಿರುವಿ, ಇನ್ನೊಂದು ಮಗ್ಗುಲನ್ನೂ ಹಾಗೆಯೇ ಕೆಂಪಗೆ ಮಾಡಿ, ಒಳಗೂ ಹೊಗೆಯಾಡುವಷ್ಟು ಬಿಸಿಯಾಗಿದೆಯೇ ನೋಡಿ, ತಟ್ಟೆಗೆ ತೆಗೆದಿಡಿ. ಕಡಾಯಿಯ ತಳಕ್ಕೆ ಹತ್ತಿದ ಕಂದು ಪದರವನ್ನು ತೊಳೆಯಬೇಡಿ. ಪಾಸ್ತಾದ ಅರ್ಧ ರುಚಿ ಅದರಲ್ಲಿದೆ.

ನನ್ನ ಆಯ್ಕೆಯನ್ನು ಕೇಳುವುದಾದರೆ, ಪೊಟ್ಟಣದ ಸಾಸೇಜಿಗಿಂತ ಮನೆಯಲ್ಲೇ ಸಾಸೇಜಿನ ಖೀಮಾ ಕಲಸಿಕೊಳ್ಳುವುದು ಎಷ್ಟೋ ಮೇಲು, ಮತ್ತು ಇಟಲಿಯ ಮೂಲ ಅಡುಗೆಗೂ ಅದೇ ಹತ್ತಿರ. ಅಂಗಡಿಯವನಿಗೆ ಕೋಳಿಯ ತೊಡೆಯ ಮಾಂಸವನ್ನೇ ಖೀಮಾ ಮಾಡಲು ಹೇಳಿ, ಎದೆಯ ಮಾಂಸ ಒಣಗುತ್ತದೆ. 400 ಗ್ರಾಂ ಖೀಮಾಕ್ಕೆ 6 ಗ್ರಾಂ ಉಪ್ಪು, ಅಂದರೆ ಸಪಾಟಾದ ಒಂದು ಸಣ್ಣ ಚಮಚ. ತರಿಯಾಗಿ ಕುಟ್ಟಿದ ಬಡೇಸೋಪು ಒಂದು ಸಣ್ಣ ಚಮಚ. ಜಜ್ಜಿದ ಬೆಳ್ಳುಳ್ಳಿ ಐದು ಎಸಳು. ಖಾರಪುಡಿ ಒಂದು ಚಮಚ. ಕಾಳುಮೆಣಸಿನ ಪುಡಿ ಅರ್ಧ ಚಮಚ. ಎರಡು ದೊಡ್ಡ ಚಮಚ ಐಸ್ ನೀರು. ಇದರಲ್ಲಿ ಬಡೇಸೋಪನ್ನು ಮರೆಯಬೇಡಿ, ಇಟಲಿಯ ಸಾಸೇಜ್ ಎಂದೊಡನೆ ಹಲವರ ನಾಲಿಗೆಗೆ ನೆನಪಾಗುವುದು ಅದೇ ವಾಸನೆ. ಎಲ್ಲವನ್ನೂ ಸೇರಿಸಿ ಮೂರು ನಿಮಿಷ ರೊಟ್ಟಿಯ ಹಿಟ್ಟನ್ನು ನಾದುವಂತೆ ನಾದಿ. ಉಪ್ಪು ಮಾಂಸದೊಳಗಿನ ಮಯೋಸಿನ್ ಎಂಬ ಪ್ರೋಟೀನನ್ನು ಹೊರಗೆಳೆದು ಅಂಟು ಮಾಡುತ್ತದೆ. ಒಂದು ಉಂಡೆಯನ್ನು ಅಂಗೈಗೆ ಒತ್ತಿ ಕೈಯನ್ನು ತಲೆಕೆಳಗು ಮಾಡಿದಾಗ ಉಂಡೆ ಬೀಳದೆ ಅಂಟಿಕೊಂಡಿದ್ದರೆ ಹದ ಬಂದಂತೆ. ಮಾಂಸ ತಣ್ಣಗಿದ್ದರೆ ಮಾತ್ರ ಈ ಅಂಟು ಸರಿಯಾಗಿ ಹಿಡಿಯುತ್ತದೆ, ಆದ್ದರಿಂದಲೇ ಐಸ್ ನೀರು. ಒಂದು ಗಂಟೆ ಫ್ರಿಜ್‌ನಲ್ಲಿಟ್ಟು, ಅಡಿಕೆ ಗಾತ್ರದ ತುಣುಕುಗಳಾಗಿ ಚಿವುಟಿ ಕಾದ ಎಣ್ಣೆಗೆ ಹಾಕಿ ಕೆಂಪಗೆ ಹುರಿಯಿರಿ. ಕೋಳಿಯ ಮಾಂಸ ಒಳಗೆ 74 ಡಿಗ್ರಿ ಮುಟ್ಟಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ಅದನ್ನೇ ನಂಬಿ, ಇಲ್ಲದಿದ್ದರೆ ದೊಡ್ಡದೊಂದು ತುಣುಕನ್ನು ಸೀಳಿ ನಡುವೆ ಗುಲಾಬಿ ಬಣ್ಣವಿಲ್ಲದಿರುವುದನ್ನು ಖಚಿತಪಡಿಸಿಕೊಳ್ಳಿ. ಕುರಿ ಖೀಮಾದಲ್ಲೂ ಇದೇ ಅಳತೆ ನಡೆಯುತ್ತದೆ.

ಅತ್ತೆಯವರ ದೂರು ನನಗೆ ಎಲ್ಲಕ್ಕಿಂತ ಸರಿಯೆನಿಸಿತು. ಎರಡು ಚಮಚ ಖಾರ ಹಾಕಿಯೂ ಸಪ್ಪಗಾಗುವುದು ಸಾಧ್ಯ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಹಾಲಿನ ಕೇಸಿನ್ ಅದನ್ನು ನಾಲಿಗೆಯಿಂದ ಎಳೆದುಕೊಂಡು ಹೋಗುತ್ತದೆ. ಖಾರ ಹತ್ತಿದವರಿಗೆ ಮಜ್ಜಿಗೆ ಕೊಡುವುದು ಇದೇ ಕಾರಣಕ್ಕೆ. ಕೆನೆ ಹಾಕಿದ ಮೇಲೆ ಉದುರಿಸಿದ ಖಾರಪುಡಿ ಹಸಿಯಾಗಿಯೇ ಉಳಿಯುತ್ತದೆ, ಗಂಟಲಿಗೆ ಕೆರೆಯುತ್ತದೆಯೇ ಹೊರತು ಬಾಯಿಗೆ ರುಚಿಯಾಗಿ ಬರುವುದಿಲ್ಲ. ಬಿಸಿ ಎಣ್ಣೆಯಲ್ಲಿ ಮೊದಲೇ ಅರಳಿದರೆ ಅದರ ಬಣ್ಣ, ವಾಸನೆ, ಖಾರ ಮೂರೂ ಎಣ್ಣೆಗೆ ಇಳಿದು ಕಡಾಯಿ ತುಂಬ ಹರಡುತ್ತವೆ. ಬಣ್ಣಕ್ಕೆ ಬ್ಯಾಡಗಿಯ ಪುಡಿ ಒಂದೂವರೆ ಚಮಚ, ಉರಿಗೆ ಗುಂಟೂರಿನದು ಅರ್ಧ ಚಮಚ ಎಂದು ಇಟ್ಟುಕೊಳ್ಳಿ. ಇನ್ನೊಂದು ದಾರಿಯೂ ಇದೆ. ಮನೆಯಲ್ಲಿ ರಂಜಕ ಇದ್ದರೆ, ಅಂದರೆ ಕೆಂಪು ಹಸಿಮೆಣಸಿನಕಾಯಿ ಮತ್ತು ಬೆಳ್ಳುಳ್ಳಿಯನ್ನು ಅರೆದ ನಮ್ಮ ಚಟ್ನಿ ಇದ್ದರೆ, ಪುಡಿಯ ಬದಲು ಅದನ್ನೇ ಒಂದು ದೊಡ್ಡ ಚಮಚ ಹಾಕಿ. ಕಲಾಬ್ರಿಯಾದವರ ಮೆಣಸಿನಕಾಯಿ ಗೊಜ್ಜಿಗೆ ಇದಕ್ಕಿಂತ ಹತ್ತಿರದ ಪದಾರ್ಥ ನಮ್ಮಲ್ಲಿ ಇಲ್ಲ. ರಂಜಕದಲ್ಲಿ ಲಿಂಬೆಯ ಹುಳಿ ಮತ್ತು ಉಪ್ಪು ಎರಡೂ ಇರುತ್ತವೆ, ಆದ್ದರಿಂದ ಅದು ಟೊಮೆಟೊ ಹಾಕುವ ಮೊದಲೇ ಎಣ್ಣೆಯಲ್ಲಿ ಬಾಡಬೇಕು, ಮುಂದೆ ಉಪ್ಪಿನ ಕೈ ಹಿಡಿತದಲ್ಲಿರಬೇಕು.

ಪಾಸ್ತಾದ ವಿಷಯ ಬೇಗ ಮುಗಿಯುತ್ತದೆ. ಪೊಟ್ಟಣದ ಮೇಲೆ ಡ್ಯೂರಮ್ ಗೋಧಿಯ ರವೆ ಎಂದು ಇರಬೇಕು, ಮೈದಾ ಎಂದಿರಬಾರದು. ಇಟಲಿಯಲ್ಲಿ ಒಣ ಪಾಸ್ತಾ ಡ್ಯೂರಮ್‌ನದೇ ಆಗಿರಬೇಕೆಂದು 1967ರಲ್ಲೇ ಕಾನೂನು ಮಾಡಿದ್ದರು. ಈ ಗೋಧಿ ನಮಗೇನೂ ಹೊಸದಲ್ಲ, ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಇದೇ ಜಾತಿಯದು. ಕೈಯಲ್ಲಿ ಶಾವಿಗೆ ಹೊಸೆದು ಬಿಸಿಲಿಗೆ ಒಣಗಿಸಿದ ಮನೆಯವರಿಗೆ ಪಾಸ್ತಾ ಎಂದರೇನೆಂದು ವಿವರಿಸುವ ಅಗತ್ಯವೂ ಇಲ್ಲ. 400 ಗ್ರಾಂ ಪೆನ್ನೆಗೆ ಮೂರು ಲೀಟರ್ ನೀರು ಕುದಿಸಿ. ಸಾಮಾನ್ಯವಾಗಿ ಲೀಟರಿಗೆ 10 ಗ್ರಾಂ ಉಪ್ಪು ಎನ್ನುತ್ತಾರೆ. ಸಾಸೇಜ್ ಮತ್ತು ಚೀಸ್ ಎರಡರಲ್ಲೂ ಉಪ್ಪಿರುವುದರಿಂದ ನೀವು 7 ಗ್ರಾಂಗೆ ನಿಲ್ಲಿಸಿ. ನೀರಿಗೆ ಎಣ್ಣೆ ಹಾಕಬೇಡಿ, ಅದು ಮೇಲೆ ತೇಲುತ್ತದೆಯೇ ಹೊರತು ಅಂಟುವುದನ್ನು ತಡೆಯುವುದಿಲ್ಲ. ಅಂಟುವುದು ಮೊದಲ ಎರಡು ನಿಮಿಷದಲ್ಲಿ, ಮೇಲ್ಮೈಯ ಪಿಷ್ಟ ಉಬ್ಬಿ ಜಿಗುಟಾಗುವಾಗ. ಆಗ ಬಿಡದೆ ಕೈಯಾಡಿಸಿದರೆ ಸಾಕು. ಪೊಟ್ಟಣದಲ್ಲಿ 11 ನಿಮಿಷ ಎಂದಿದ್ದರೆ ಒಂಬತ್ತಕ್ಕೆ ಒಂದನ್ನು ತೆಗೆದು ಕಚ್ಚಿ ನೋಡಿ: ಕಚ್ಚಿದ ಜಾಗದ ನಡುವೆ ಸೂಜಿಮೊನೆಯಷ್ಟು ಬಿಳಿ ಗೆರೆ ಉಳಿದಿರಬೇಕು. ಉಳಿದ ಬೇಯುವಿಕೆ ಮಸಾಲೆಯಲ್ಲಿ ಆಗುತ್ತದೆ. ಬೀದರಿನ ಓದುಗರಿಗೊಂದು ಮಾತು. ನಿಮ್ಮ ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ನೀರು ಅಲ್ಲಿ 98 ಡಿಗ್ರಿಗಿಂತ ತುಸು ಮೊದಲೇ ಕುದಿಯುತ್ತದೆ. ಗಡಿಯಾರಕ್ಕಿಂತ ಹಲ್ಲನ್ನು ನಂಬಿ, ಒಂದು ನಿಮಿಷ ಹೆಚ್ಚು ಹಿಡಿಯಬಹುದು.

ಬಸಿಯುವ ಮೊದಲು ಎರಡು ಲೋಟ ಗಂಜಿನೀರನ್ನು ತೆಗೆದಿಡಿ, ಮತ್ತು ಪಾಸ್ತಾವನ್ನು ತಣ್ಣೀರಿನಲ್ಲಿ ತೊಳೆಯಬೇಡಿ. ತೊಳೆದರೆ ಮಸಾಲೆಯನ್ನು ಹಿಡಿದುಕೊಳ್ಳುವ ಪಿಷ್ಟವೆಲ್ಲ ಮೋರಿಗೆ ಹೋಗುತ್ತದೆ. ನಿಮ್ಮ ಪೆನ್ನೆ ಮುದ್ದೆಯಾದದ್ದು ಅದನ್ನು ಮೊದಲೇ ಬೇಯಿಸಿ ಹಾಗೆಯೇ ಇಟ್ಟದ್ದರಿಂದ. ಪಾಸ್ತಾಕ್ಕಾಗಿ ಮಸಾಲೆ ಕಾಯಬಹುದು, ಮಸಾಲೆಗಾಗಿ ಪಾಸ್ತಾ ಕಾಯಬಾರದು.

ಈಗ ಕಡಾಯಿಗೆ ಮರಳೋಣ. ಸಾಸೇಜ್ ಹುರಿದ ಅದೇ ಕಡಾಯಿಗೆ ಒಂದು ಚಮಚ ಬೆಣ್ಣೆ ಹಾಕಿ, ಸಣ್ಣಗೆ ಹೆಚ್ಚಿದ ದೊಡ್ಡದೊಂದು ಉಳ್ಳಾಗಡ್ಡಿಯನ್ನು ನಡುಉರಿಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ. ಅದರ ನೀರಿಗೇ ತಳದ ಕಂದು ಪದರ ಬಿಟ್ಟುಕೊಳ್ಳುತ್ತದೆ, ಸೌಟಿನಿಂದ ಕೆರೆದು ಸೇರಿಸಿ. ಹೆಚ್ಚಿದ ಬೆಳ್ಳುಳ್ಳಿ ಎಂಟು ಎಸಳು, ಅರ್ಧ ಚಮಚ ಕುಟ್ಟಿದ ಬಡೇಸೋಪು ಹಾಕಿ. ಮನೆಯ ಖೀಮಾವಾದರೆ ಅದರಲ್ಲೇ ಬಡೇಸೋಪು ಇರುವುದರಿಂದ ಇಲ್ಲಿ ಬೇಡ. ಉರಿಯನ್ನು ಪೂರಾ ಇಳಿಸಿ ಖಾರಪುಡಿ ಹಾಕಿ ಇಪ್ಪತ್ತು ಎಣಿಸಿ. ಎಣ್ಣೆ ಕೆಂಪಾಗಬೇಕು, ಪುಡಿ ಕಪ್ಪಾಗಬಾರದು. ಸೀದ ಖಾರವನ್ನು ಯಾವ ಕೆನೆಯೂ ಮುಚ್ಚುವುದಿಲ್ಲ. ಕೂಡಲೇ ರುಬ್ಬಿದ ಮೂರು ಟೊಮೆಟೊ ಸುರಿದು, ಉರಿ ಏರಿಸಿ, ಎಣ್ಣೆ ಅಂಚಿಗೆ ಬಿಡುವವರೆಗೆ ಹತ್ತು-ಹನ್ನೆರಡು ನಿಮಿಷ ಬೇಯಿಸಿ. ಟೊಮೆಟೊ ಜವಾರಿಯಾಗಿದ್ದು ಬಹಳ ಹುಳಿಯಿದ್ದರೆ ಚಿಟಿಕೆಯಷ್ಟು ಅಡುಗೆ ಸೋಡಾ ಹಾಕಿ. ಸಕ್ಕರೆ ಹುಳಿಯನ್ನು ನಾಲಿಗೆಯಿಂದ ಮರೆಮಾಡುತ್ತದೆ ಅಷ್ಟೇ, ಕೆನೆಯ ಕಣ್ಣಿಗೆ ಹುಳಿ ಹಾಗೆಯೇ ಇರುತ್ತದೆ. ಸೋಡಾ ಮಾತ್ರ ಹುಳಿಯನ್ನು ನಿಜವಾಗಿ ಕಡಿಮೆ ಮಾಡುತ್ತದೆ. ಚಿಟಿಕೆಗಿಂತ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ.

ಮಸಾಲೆ ಗಟ್ಟಿಯಾದ ಮೇಲೆ ಅರ್ಧ ಲೋಟ ಗಂಜಿನೀರು ಹಾಕಿ ಕಲಕಿ, ಉರಿಯನ್ನು ಸಣ್ಣ ಮಾಡಿ. ಕೆನೆಯನ್ನು ಒಂದು ಬಟ್ಟಲಿಗೆ ಹಾಕಿ, ಅದಕ್ಕೆ ಎರಡು ಸೌಟು ಬಿಸಿ ಮಸಾಲೆಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಬೆಚ್ಚಗೆ ಮಾಡಿಕೊಂಡು, ಆಮೇಲೆ ಕಡಾಯಿಗೆ ಸುರಿಯಿರಿ. ಇಲ್ಲಿಂದ ಮುಂದೆ ಕುದಿ ಬರಬಾರದು; ಅಂಚಿನಲ್ಲಿ ಒಂದೆರಡು ಗುಳ್ಳೆ ಎದ್ದರೆ ಸಾಕು. ಮನೆಯ ಕೆನೆಗೆ ಮೈದಾ ಸೇರಿಸಿದ್ದರೆ ಮಾತ್ರ ಇದೇ ಸಣ್ಣ ಉರಿಯಲ್ಲಿ ಮೂರು ನಿಮಿಷ ಕೈಯಾಡಿಸಿ, ಹಸಿ ಹಿಟ್ಟಿನ ವಾಸನೆ ಹೋಗುತ್ತದೆ. ಸೌಟನ್ನು ಅದ್ದಿ ಮೇಲೆತ್ತಿ, ಅದರ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಮುಚ್ಚಿಕೊಂಡರೆ ಇನ್ನೂ ತೆಳು, ಹಾಗೆಯೇ ನಿಂತರೆ ಹದ. ಬಸಿದ ಬಿಸಿ ಪೆನ್ನೆ, ಸಾಸೇಜ್, ತುರಿದ ಎರಡು ಕ್ಯೂಬು ಚೀಸ್ ಹಾಕಿ ಎರಡು ನಿಮಿಷ ಎತ್ತಿ ಎತ್ತಿ ಹೊರಳಿಸಿ. ಮನೆಮಂದಿಗೆಲ್ಲ ಪರಿಚಯವಿರುವ ಸಂಸ್ಕರಿತ ಚೀಸ್ ಇಲ್ಲಿ ಕೀಳಲ್ಲ. ಕೊಬ್ಬು ಮತ್ತು ನೀರನ್ನು ಕೂಡಿಸಿ ಹಿಡಿಯುವ ಲವಣಗಳು ಅದರಲ್ಲಿರುವುದರಿಂದ ಗಂಟಾಗದೆ ಕರಗುತ್ತದೆ, ಕೆನೆಗೂ ಆಸರೆಯಾಗುತ್ತದೆ. ಮಸಾಲೆ ಬಿಗಿದಂತೆ ಕಂಡರೆ ಉಳಿದ ಗಂಜಿನೀರನ್ನು ಚಮಚ ಚಮಚವಾಗಿ ಸೇರಿಸಿ. ತಟ್ಟೆಗೆ ಬಡಿಸುವಾಗ ತುಸು ಸಡಿಲವೆನಿಸಬೇಕು, ಏಕೆಂದರೆ ಮೇಜಿಗೆ ಹೋಗುವಷ್ಟರಲ್ಲಿ ಪೆನ್ನೆ ಇನ್ನಷ್ಟು ಹೀರುತ್ತದೆ. ಉಪ್ಪನ್ನು ಈಗ ನೋಡಿ, ಇದಕ್ಕೂ ಮೊದಲು ಬೇಡ. ಒಲೆ ಆರಿಸಿದ ಮೇಲೆ ಕುಟ್ಟಿದ ಕಾಳುಮೆಣಸು ಅರ್ಧ ಚಮಚ ಉದುರಿಸಿ. ಕೆನೆ ಮುಚ್ಚಿಟ್ಟ ಖಾರವನ್ನು ಅದು ಮತ್ತೆ ಮೇಲಕ್ಕೆ ತರುತ್ತದೆ. ಅತ್ತೆಯವರ ತಟ್ಟೆಗೆ ಬೇಕಾದರೆ ಇನ್ನಷ್ಟು.

ಇಷ್ಟಾಗಿಯೂ ಒಡೆದರೆ, ಒಡೆದದ್ದು ಯಾವ ಬಗೆಯದೆಂದು ಮೊದಲು ನೋಡಿ. ಬರೀ ಎಣ್ಣೆ ಬೇರೆಯಾಗಿದ್ದರೆ ಒಲೆಯಿಂದ ಇಳಿಸಿ, ಬಿಸಿ ಗಂಜಿನೀರನ್ನು ಎರಡೆರಡು ಚಮಚ ಹಾಕುತ್ತ ಜೋರಾಗಿ ಕಡೆಯಿರಿ, ಮತ್ತೆ ಕೂಡಿಕೊಳ್ಳುತ್ತದೆ. ಹರಳು ಕಟ್ಟಿದ್ದರೆ ಪ್ರೋಟೀನ್ ಗಟ್ಟಿಯಾಗಿ ಹೋಗಿದೆ, ಅದನ್ನು ಹಿಂದಿರುಗಿಸಲಾಗದು. ಪಾಸ್ತಾ ಇನ್ನೂ ಬೆರೆಸಿಲ್ಲವೆಂದಾದರೆ, ತುಸು ಆರಿದ ಮೇಲೆ ನೆನೆಸಿದ ಹತ್ತು ಗೋಡಂಬಿಯೊಂದಿಗೆ ಮಿಕ್ಸಿಗೆ ಹಾಕಿ ರುಬ್ಬಿದರೆ ಕಣ್ಣಿಗೂ ಬಾಯಿಗೂ ತಿಳಿಯುವುದಿಲ್ಲ. ಬೀದರಿನ ಆ ದಿನ ನನಗೆ ಇದು ಹೊಳೆದಿರಲಿಲ್ಲ.

ಉಳಿದದ್ದನ್ನು ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನವೇ ಮುಗಿಸಿ. ಬಿಸಿ ಮಾಡುವಾಗ ಕಾಲು ಲೋಟ ಹಾಲು ಸೇರಿಸಿ, ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ ನಡುನಡುವೆ ತಿರುವುತ್ತ ಒಳಗಿನವರೆಗೂ ಹೊಗೆಯಾಡುವಂತೆ ಕಾಯಿಸಿ. ಕಡಾಯಿಯ ಅಂಚಿಗೆ ಹತ್ತಿದ ಕೊನೆಯ ಮಸಾಲೆಯನ್ನು ನಮ್ಮ ಮನೆಯಲ್ಲಿ ಬಿಸಿ ಜೋಳದ ರೊಟ್ಟಿಯಿಂದ ಒರೆಸಿ ತಿನ್ನುತ್ತಾರೆ. ಇಟಲಿಯವರೂ ತಟ್ಟೆಯ ಕೊನೆಯ ಸಾಸನ್ನು ಬ್ರೆಡ್ಡಿನ ತುಂಡಿನಿಂದ ಒರೆಸುತ್ತಾರೆ, ಆದ್ದರಿಂದ ಮಗಳು ನಕ್ಕರೆ ಅಷ್ಟನ್ನು ಹೇಳಿ.